ಹಂಚಿಕೊಂಡ ಯಂತ್ರದ ದೋಷ: ವರ್ಚುವಲ್ ಡೆಸ್ಕ್‌ಟಾಪ್ ಸರ್ವರ್‌ಗಳ ದುರಸ್ತಿಯ ಚರಿತ್ರೆ

ಬ್ಯಾಂಕು, ಆಸ್ಪತ್ರೆ, ವಿಮಾ ಕಂಪನಿ, ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಇಂದು ಲಕ್ಷಾಂತರ ನೌಕರರು ಬಳಸುವ ಕಂಪ್ಯೂಟರು ಅವರ ಮೇಜಿನ ಮೇಲೆ ಇಲ್ಲ. ದೂರದ ಡೇಟಾ ಸೆಂಟರಿನ ಯಾವುದೋ ಸರ್ವರಿನೊಳಗೆ, ತನ್ನಂಥ ಹತ್ತಾರು ಕಂಪ್ಯೂಟರುಗಳ ಜೊತೆ ಒಂದೇ ಪ್ರೊಸೆಸರ್, ಒಂದೇ ಮೆಮೊರಿ, ಒಂದೇ ಡಿಸ್ಕನ್ನು ಹಂಚಿಕೊಂಡು, ಅದು ತಂತ್ರಾಂಶದ ರೂಪದಲ್ಲಿ ಮಾತ್ರ ಇರುತ್ತದೆ. ಮೇಜಿನ ಮೇಲಿರುವ ಪೆಟ್ಟಿಗೆಯ ಪಾಲಿಗೆ ಉಳಿದಿರುವುದು ಒತ್ತಿದ ಕೀಲಿಯನ್ನೂ ಸರಿಸಿದ ಮೌಸನ್ನೂ ಅತ್ತ ತಿಳಿಸಿ, ಅತ್ತಿಂದ ಬಂದ ಚಿತ್ರವನ್ನು ಪರದೆಯ ಮೇಲೆ ಮೂಡಿಸುವ ಕೆಲಸವಷ್ಟೆ. ವರ್ಚುವಲ್ ಡೆಸ್ಕ್‌ಟಾಪ್ ಎಂದು ಕರೆಯುವ ಈ ಏರ್ಪಾಡಿನಲ್ಲಿ ಸರ್ವರ್ ಕೆಟ್ಟರೆ ನಿಲ್ಲುವುದು ಒಬ್ಬರ ಕೆಲಸವಲ್ಲ, ಇಡೀ ಅಂತಸ್ತಿನ ಕೆಲಸ.

ಹಾಗೆ ನಿಂತಾಗ ಬಳಕೆದಾರರಿಂದ ಬರುವ ದೂರುಗಳು ಮೂರೇ: ಲಾಗಿನ್ ಆಗುತ್ತಿಲ್ಲ, ತುಂಬ ನಿಧಾನವಾಗಿದೆ, ಇದ್ದಕ್ಕಿದ್ದಂತೆ ಸಂಪರ್ಕ ಕಡಿಯಿತು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸತೊಡಗಿದ 1960ರ ದಶಕದಿಂದ ಇಂದಿನವರೆಗೆ ಈ ದೂರುಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಬದಲಾದದ್ದು ಅವುಗಳ ಕಾರಣ ಅಡಗಿರುವ ಜಾಗ. ಆ ಜಾಗ ಆಕಸ್ಮಿಕವಾಗಿ ಬದಲಾದದ್ದೂ ಅಲ್ಲ. ಒಂದು ಕಾಲದ ದುರಸ್ತಿಗಾರರು ಕಂಡುಕೊಂಡ ಪರಿಹಾರವೇ ಮುಂದಿನ ಕಾಲದ ದೋಷ ಎಲ್ಲಿ ಹುಟ್ಟಬೇಕೆಂಬುದನ್ನು ನಿರ್ಧರಿಸುತ್ತ ಬಂದಿದೆ. ಕಂಪ್ಯೂಟರಿನ ಚರಿತ್ರೆಗಳು ಸಾಮಾನ್ಯವಾಗಿ ಯಂತ್ರ ಕಟ್ಟಿದವರನ್ನೂ ಕಂಪನಿ ಕಟ್ಟಿದವರನ್ನೂ ಹಿಂಬಾಲಿಸುತ್ತವೆ. ಕೆಟ್ಟದ್ದನ್ನು ಸರಿಪಡಿಸಿದವರ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಬೇರೊಂದು ಕ್ರಮದಲ್ಲಿ ಜೋಡಣೆಯಾಗುತ್ತದೆ.

1950ರ ದಶಕದಲ್ಲಿ ಕಂಪ್ಯೂಟರಿನ ಕೆಲಸ ಸರದಿಯ ಮೇಲೆ ನಡೆಯುತ್ತಿತ್ತು. ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಆಪರೇಟರನ ಕೈಗೆ ಕೊಟ್ಟವನು ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿದ್ದುದರಿಂದ, ನಡುವೆ ಯಂತ್ರ ಹತ್ತು ನಿಮಿಷ ಕೆಟ್ಟು ನಿಂತರೂ ಅವನಿಗೆ ಅದು ತಿಳಿಯುತ್ತಿರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಅಂದರೆ ಎಂಐಟಿಯಲ್ಲಿ, ಜಾನ್ ಮೆಕಾರ್ಥಿ 1959ರ ಜನವರಿಯಲ್ಲಿ ಬರೆದ ಟಿಪ್ಪಣಿಯೊಂದು ಈ ಸರದಿಯನ್ನು ಮುರಿಯುವ ದಾರಿ ತೋರಿಸಿತು: ಯಂತ್ರದ ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ ಹಲವು ಟರ್ಮಿನಲ್‌ಗಳಿಗೆ ಸುತ್ತು ಸುತ್ತಾಗಿ ಹಂಚಿದರೆ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನಿಸುತ್ತದೆ. ಟೈಮ್ ಷೇರಿಂಗ್ ಎಂದು ಹೆಸರಾದ ಈ ಪದ್ಧತಿಯ ಮೊದಲ ಗಟ್ಟಿ ರೂಪ ಫರ್ನಾಂಡೊ ಕಾರ್ಬಟೊ ನೇತೃತ್ವದಲ್ಲಿ ಸಿದ್ಧವಾದ ಸಿಟಿಎಸ್‌ಎಸ್. 1961ರ ನವೆಂಬರಿನಲ್ಲಿ ಐಬಿಎಂ 709 ಯಂತ್ರದ ಮೇಲೆ ಅದರ ಪ್ರಾತ್ಯಕ್ಷಿಕೆ ನಡೆಯಿತು. ಮುಂದೆ ಅದನ್ನು ಐಬಿಎಂ 7094ಕ್ಕೆ ಒಯ್ದಾಗ ಮೆಮೊರಿಯನ್ನು ಎರಡು ಪಾಲು ಮಾಡಿ, ಒಂದನ್ನು ಮೇಲ್ವಿಚಾರಕ ಪ್ರೋಗ್ರಾಮಿಗೂ ಇನ್ನೊಂದನ್ನು ಬಳಕೆದಾರರಿಗೂ ಬಿಟ್ಟುಕೊಡಲಾಯಿತು. ಒಬ್ಬನ ತಪ್ಪು ಎಲ್ಲರನ್ನೂ ಕೆಡವಬಾರದೆಂಬ ಎಚ್ಚರ ಹೀಗೆ ಯಂತ್ರದ ಕಟ್ಟೋಣಕ್ಕೇ ಇಳಿದಿತ್ತು.

ಆ ಎಚ್ಚರದ ಕಣ್ಣು ತಪ್ಪಿಸಿದ ಒಂದು ಘಟನೆಯನ್ನು ಕಾರ್ಬಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಲಾಗಿನ್ ಆದ ಪ್ರತಿಯೊಬ್ಬರಿಗೂ ಆ ದಿನದ ಸೂಚನೆಯನ್ನು ಟೈಪ್ ಮಾಡಿ ತೋರಿಸಬೇಕಿದ್ದ ಯಂತ್ರ, ಒಂದು ದಿನ ಅದರ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಟೈಪ್ ಮಾಡತೊಡಗಿತು. ಹುಡುಕಿದಾಗ ಸಿಕ್ಕ ಕಾರಣ ಸಣ್ಣದು. ಒಂದು ಡೈರೆಕ್ಟರಿಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಕೆಲಸ ಮಾಡಬೇಕೆಂಬುದು ಸಿಟಿಎಸ್‌ಎಸ್‌ನ ಮೂಲ ನಿಯಮವಾಗಿದ್ದರೂ, ವ್ಯವಸ್ಥೆಯ ನಿರ್ವಹಣೆಗೆ ತೊಡಗಿದವರ ಸಂಖ್ಯೆ ಹನ್ನೆರಡರ ಹತ್ತಿರಕ್ಕೆ ಬೆಳೆದು, ಅವರ ಒತ್ತಾಯಕ್ಕೆ ಮಣಿದು ವ್ಯವಸ್ಥೆಯ ಡೈರೆಕ್ಟರಿಗೆ ಮಾತ್ರ ಆ ನಿಯಮವನ್ನು ಸಡಿಲಿಸಲಾಗಿತ್ತು. ಆದರೆ ಕಡತಗಳನ್ನು ತಿದ್ದುವ ಎಡಿಟರ್ ಪ್ರೋಗ್ರಾಮು ಬಳಸುವವನು ಒಬ್ಬನೇ ಎಂದು ನಂಬಿ ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಒಬ್ಬರು ದಿನದ ಸೂಚನೆಯನ್ನೂ ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನೂ ಒಂದೇ ಹೊತ್ತಿಗೆ ತಿದ್ದಲು ಕುಳಿತಾಗ ಎರಡು ತಾತ್ಕಾಲಿಕ ಕಡತಗಳು ಅದಲುಬದಲಾದವು. ನಿಯಮ ಸಡಿಲಿಸಿದವರು ಎಡಿಟರನ್ನು ನೋಡಿರಲಿಲ್ಲ, ಎಡಿಟರ್ ಬರೆದವರಿಗೆ ನಿಯಮ ಮುಂದೆ ಸಡಿಲವಾಗುತ್ತದೆಂದು ತಿಳಿದಿರಲಿಲ್ಲ. ಒಬ್ಬ ಬಳಕೆದಾರನಿಗೆಂದು ಬರೆದ ಪ್ರೋಗ್ರಾಮು ಹಲವರ ನಡುವೆ ಸಿಕ್ಕಿಕೊಂಡಾಗ ಆಗುವ ಈ ಬಗೆಯ ಅನಾಹುತ ಮುಂದಿನ ನಾಲ್ಕು ದಶಕಗಳಲ್ಲಿ ಎಷ್ಟು ಬಾರಿ ಮರುಕಳಿಸಿತೆಂದರೆ, ಹಂಚಿಕೊಂಡ ಯಂತ್ರಗಳ ದೋಷಶಾಸ್ತ್ರಕ್ಕೆ ಇದನ್ನೇ ಮೊದಲ ಪಾಠವೆಂದು ಎಣಿಸಬೇಕು.

ಇದೇ ಹೊತ್ತಿನಲ್ಲಿ, ಎಂಐಟಿಗೆ ಹೊಂದಿಕೊಂಡಂತಿದ್ದ ಐಬಿಎಂನ ಕೇಂಬ್ರಿಜ್ ಸೈಂಟಿಫಿಕ್ ಸೆಂಟರಿನಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಯಂತ್ರದ ಕಾಲವನ್ನು ಮಾತ್ರ ಹಂಚುವ ಬದಲು, ಪ್ರತಿ ಬಳಕೆದಾರನಿಗೂ ಇಡೀ ಯಂತ್ರದ ಪ್ರತಿರೂಪವೊಂದನ್ನೇ ತಂತ್ರಾಂಶದಲ್ಲಿ ನಿರ್ಮಿಸಿಕೊಟ್ಟು ಅದರೊಳಗೆ ಅವನದೇ ಆದ ಪುಟ್ಟ ಆಪರೇಟಿಂಗ್ ಸಿಸ್ಟಮನ್ನು ನಡೆಸುವ ಯೋಚನೆ ಅವರದು. ಸಿಪಿ-40 ಎಂಬ ಪ್ರಯೋಗದಿಂದ ಹುಟ್ಟಿ, ಸಿಸ್ಟಮ್/360 ಮಾಡೆಲ್ 67 ಯಂತ್ರಕ್ಕಾಗಿ ಸಿಪಿ-67 ಆಗಿ ಬೆಳೆದು, 1972ರಲ್ಲಿ ವಿಎಂ/370 ಎಂಬ ಅಧಿಕೃತ ಉತ್ಪನ್ನವಾದ ಈ ವ್ಯವಸ್ಥೆಯೇ ಇಂದಿನ ವರ್ಚುವಲ್ ಡೆಸ್ಕ್‌ಟಾಪಿನ ನೇರ ಪೂರ್ವಜ. ಒಬ್ಬನ ಪ್ರತಿರೂಪ ಯಂತ್ರ ಕೆಟ್ಟರೆ ಪಕ್ಕದವನದು ಕೆಡುವುದಿಲ್ಲವೆಂಬುದು ಇದರ ದೊಡ್ಡ ಗುಣ. ಎಲ್ಲವನ್ನೂ ಹೊತ್ತು ನಿಂತ ಕೆಳಗಿನ ನಿಯಂತ್ರಕ ಪ್ರೋಗ್ರಾಮು ಕೆಟ್ಟರೆ ಯಾರದೂ ಉಳಿಯುವುದಿಲ್ಲವೆಂಬುದು ಅದರ ಮರುಮುಖ.

ಆ ಮರುಮುಖ ಎಂಐಟಿಯ ಅರ್ಬನ್ ಸಿಸ್ಟಮ್ಸ್ ಲ್ಯಾಬೊರೇಟರಿಯಲ್ಲಿ ಒಂದು ದಿನ ನಿಚ್ಚಳವಾಗಿ ಕಾಣಿಸಿತು. ಅಲ್ಲಿನ ಸಿಪಿ-67 ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಟಾಮ್ ವ್ಯಾನ್ ವ್ಲೆಕ್ ಬರೆದಿರುವ ಪ್ರಕಾರ, ಹಾರ್ವರ್ಡ್ ಕಡೆಯ ಬಳಕೆದಾರರೊಬ್ಬರು ಟರ್ಮಿನಲ್ ತಂತಿಗೆ ನಕ್ಷೆ ಬಿಡಿಸುವ ಪ್ಲಾಟರ್ ಯಂತ್ರವನ್ನು ಜೋಡಿಸಬೇಕೆಂದಿದ್ದರು. ಅದಕ್ಕಾಗಿ ಒಂದು ಸಾಲಿನ ಗರಿಷ್ಠ ಉದ್ದವನ್ನು ಸುಮಾರು 1,200 ಅಕ್ಷರಗಳಿಗೆ ಏರಿಸಲಾಯಿತು. ಸಾಲಿನ ಉದ್ದವನ್ನು ಲೆಕ್ಕ ಹಾಕುವ ಪ್ರೋಗ್ರಾಮಿನ ತುಣುಕು ಮಾತ್ರ ಆ ಲೆಕ್ಕಕ್ಕೆ ಒಂದೇ ಬೈಟ್ ಬಳಸುತ್ತಿತ್ತು, ಮತ್ತು ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಲೆಕ್ಕ ತಪ್ಪಿತು, ತಪ್ಪಿದ ಲೆಕ್ಕದಿಂದ ಮೆಮೊರಿಯಲ್ಲಿ ಬೇರೆಯವರ ಜಾಗ ಹಾಳಾಯಿತು, ಇಡೀ ವ್ಯವಸ್ಥೆ ಅದೊಂದೇ ದಿನ 27 ಬಾರಿ ಕುಸಿಯಿತು.

ಈ ಸಂಖ್ಯೆ ಸೋಲಿನ ಗುರುತಾಗಿ ಮಾತ್ರ ಉಳಿಯಲಿಲ್ಲ. ಸಿಪಿ-67 ಕುಸಿದ ನಾಲ್ಕೈದು ನಿಮಿಷಗಳಲ್ಲಿ ತಾನಾಗಿಯೇ ಎದ್ದು ನಿಲ್ಲುತ್ತಿದ್ದುದರಿಂದಲೇ ದಿನಕ್ಕೆ 27 ಸಲ ಕುಸಿಯಲು ಅದಕ್ಕೆ ಸಾಧ್ಯವಾಯಿತು. ಅದೇ ಕಾಲಕ್ಕೆ ಸಿಟಿಎಸ್‌ಎಸ್‌ನ ಉತ್ತರಾಧಿಕಾರಿಯಾಗಿ ಬೆಳೆಯುತ್ತಿದ್ದ ಮಲ್ಟಿಕ್ಸ್, ಒಮ್ಮೆ ಬಿದ್ದರೆ ತನ್ನ ಎಲ್ಲ ಕಡತಗಳನ್ನೂ ತಪಾಸಣೆ ಮಾಡಿ ಏಳಲು ಒಂದು ಗಂಟೆ ತೆಗೆದುಕೊಳ್ಳುತ್ತಿತ್ತು. ಮಲ್ಟಿಕ್ಸ್‌ನ ಕಡತ ಸಂಗ್ರಹವನ್ನು ಹೊಸದಾಗಿ ರೂಪಿಸಲು ಈ ಹೋಲಿಕೆಯೂ ಒಂದು ಕಾರಣವಾಯಿತೆಂದು ವ್ಯಾನ್ ವ್ಲೆಕ್ ಹೇಳುತ್ತಾರೆ. ಕೆಡದಂತೆ ನೋಡಿಕೊಳ್ಳುವುದು ಒಂದು ವಿದ್ಯೆ, ಕೆಟ್ಟ ಮೇಲೆ ಬೇಗ ಎಬ್ಬಿಸುವುದು ಇನ್ನೊಂದು ವಿದ್ಯೆ ಎಂಬ ವಿಂಗಡಣೆ ಇಲ್ಲಿಂದ ಸ್ಪಷ್ಟವಾಯಿತು. ಮೊದಲ ವಿದ್ಯೆಗೆ ಸಿಕ್ಕ ಗೌರವ ಎರಡನೆಯದಕ್ಕೆ ಬಹಳ ಕಾಲ ಸಿಗದೆ ಹೋದದ್ದು ನ್ಯಾಯವಲ್ಲ.

ನಿಧಾನದ ದೂರಿಗೆ ಅಳತೆಗೋಲು ಸಿಕ್ಕಿದ್ದೂ 1960ರ ದಶಕದಲ್ಲಿಯೇ. ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮನುಷ್ಯ ಯಂತ್ರದೊಡನೆ ಮಾಡುವ ಬೇರೆ ಬೇರೆ ಬಗೆಯ ವ್ಯವಹಾರಗಳಿಗೆ ಎಷ್ಟೆಷ್ಟು ಹೊತ್ತಿನೊಳಗೆ ಉತ್ತರ ಬರಬೇಕೆಂದು ವಿಂಗಡಿಸಿದ್ದರು: ಒತ್ತಿದ ಕೀಲಿಯ ಗುರುತು ಕಾಣಲು ಸೆಕೆಂಡಿನ ಹತ್ತನೆಯ ಒಂದು ಭಾಗ, ಇನ್ನು ಕೆಲವಕ್ಕೆ ಎರಡು ಸೆಕೆಂಡಿನ ಆಸುಪಾಸು. ಅದೇ ಸಂಸ್ಥೆಯ ಡೊಹರ್ಟಿ ಮತ್ತು ಥಡಾನಿ 1982ರಲ್ಲಿ, ಉತ್ತರದ ಕಾಲ ಒಂದು ಸೆಕೆಂಡಿಗಿಂತ ಕೆಳಗಿಳಿದಂತೆ ನೌಕರ ಮುಗಿಸುವ ಕೆಲಸ ನಿರೀಕ್ಷೆ ಮೀರಿ ಹೆಚ್ಚುತ್ತದೆಂದು ತೋರಿಸಿದರು. ಬಳಕೆದಾರನ ಬೇಸರ ಅಂದಿನಿಂದ ಅಳೆಯಬಹುದಾದ ಸಂಗತಿಯಾಯಿತು.

1983ರಲ್ಲಿ ಎಂಐಟಿಯಲ್ಲಿ ಶುರುವಾದ ಅಥೀನಾ ಯೋಜನೆ ಈ ಚರಿತ್ರೆಗೆ ಎರಡು ಕೊಡುಗೆಗಳನ್ನು ಕೊಟ್ಟಿತು. ಒಂದು, ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ 1984ರಲ್ಲಿ ಆರಂಭಿಸಿದ ಎಕ್ಸ್ ವಿಂಡೋ ವ್ಯವಸ್ಥೆ. ಒಂದು ಕಂಪ್ಯೂಟರಿನಲ್ಲಿ ನಡೆಯುವ ಪ್ರೋಗ್ರಾಮಿನ ಕಿಟಕಿಯನ್ನು ನೆಟ್‌ವರ್ಕಿನ ಮೂಲಕ ಇನ್ನೊಂದರ ಪರದೆಯ ಮೇಲೆ ತೆರೆಯಲು ಅದರಿಂದ ಸಾಧ್ಯವಾಯಿತು. ಇನ್ನೊಂದು ಕರ್ಬರೋಸ್, ಅಂದರೆ ನೆಟ್‌ವರ್ಕಿನಲ್ಲಿ ಬಳಕೆದಾರ ತಾನು ಇಂಥವನೆಂದು ಸಾಬೀತುಪಡಿಸುವ ಪದ್ಧತಿ. ಇದರಲ್ಲಿ ಪಾಸ್‌ವರ್ಡನ್ನು ಪ್ರತಿ ಸರ್ವರಿಗೂ ಕಳುಹಿಸುವ ಬದಲು, ನಂಬಿಕಸ್ಥ ಸರ್ವರ್ ಒಂದು ಸಮಯದ ಮುದ್ರೆ ಒತ್ತಿದ ಟಿಕೆಟನ್ನು ಕೊಡುತ್ತದೆ. ಹಳೆಯ ಸಂದೇಶಗಳನ್ನು ಕದ್ದು ಮತ್ತೆ ಬಳಸುವುದನ್ನು ತಡೆಯಲು, ಎರಡು ಯಂತ್ರಗಳ ಗಡಿಯಾರಗಳ ನಡುವಿನ ಅಂತರ ಸಾಮಾನ್ಯವಾಗಿ 5 ನಿಮಿಷ ಮೀರಬಾರದೆಂಬ ಕಟ್ಟಳೆಯನ್ನು ಅದಕ್ಕೆ ಜೋಡಿಸಲಾಯಿತು. ವಿಂಡೋಸ್ 2000ದಿಂದ ಮೈಕ್ರೋಸಾಫ್ಟ್ ಇದೇ ಪದ್ಧತಿಯನ್ನು ತನ್ನದಾಗಿಸಿಕೊಂಡ ಮೇಲೆ ಕಟ್ಟಳೆಯೂ ಜೊತೆಗೇ ಬಂತು. ವರ್ಚುವಲ್ ಯಂತ್ರಗಳಲ್ಲಿ ಇದರ ಫಲ ವಿಶೇಷವಾದದ್ದು. ಕೆಳಗಿನ ಸರ್ವರ್ ಕೆಲಸದ ಒತ್ತಡದಲ್ಲಿದ್ದಾಗ ವರ್ಚುವಲ್ ಯಂತ್ರಕ್ಕೆ ಅದರ ಸರದಿ ತಡವಾಗಿ ಬರುತ್ತದೆ, ಗಡಿಯಾರದ ಬಡಿತಗಳು ತಪ್ಪಿ ಅದರ ಸಮಯ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದು 5 ನಿಮಿಷ ದಾಟಿದ ಕ್ಷಣ ಸರಿಯಾದ ಪಾಸ್‌ವರ್ಡ್ ಕೊಟ್ಟವನಿಗೂ ಬಾಗಿಲು ಮುಚ್ಚುತ್ತದೆ. ಪಾಸ್‌ವರ್ಡನ್ನು ಹತ್ತು ಬಾರಿ ಬದಲಿಸಿದರೂ ಬಗೆಹರಿಯದ ಲಾಗಿನ್ ತೊಂದರೆಯಲ್ಲಿ ಅನುಭವಸ್ಥರು ಮೊದಲು ಗಡಿಯಾರ ನೋಡುವುದು ಈ ಕಾರಣದಿಂದ.

ವಿಂಡೋಸ್ ಪ್ರಪಂಚಕ್ಕೆ ಹಂಚಿಕೊಂಡ ಯಂತ್ರವನ್ನು ತಂದದ್ದು, ಐಬಿಎಂ ಬಿಟ್ಟು ಬಂದ ಎಡ್ ಯಾಕೊಬುಚ್ಚಿ 1989ರಲ್ಲಿ ಸ್ಥಾಪಿಸಿದ ಸಿಟ್ರಿಕ್ಸ್. ಅದರ ಮೊದಲ ಉತ್ಪನ್ನ ನಿಂತದ್ದು ಓಎಸ್/2 ಎಂಬ ಆಪರೇಟಿಂಗ್ ಸಿಸ್ಟಮಿನ ಮೇಲೆ. ಮಾರುಕಟ್ಟೆ ವಿಂಡೋಸ್ ಕಡೆ ವಾಲಿದಾಗ ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ಮೈಕ್ರೋಸಾಫ್ಟಿನಿಂದ ವಿಂಡೋಸ್ ಎನ್‌ಟಿಯ ಮೂಲ ಪ್ರೋಗ್ರಾಮನ್ನು ತಿದ್ದುವ ಪರವಾನಗಿ ಪಡೆದು ಅದು 1995ರಲ್ಲಿ ವಿನ್‌ಫ್ರೇಮ್ ಹೊರತಂದಿತು. ಎರಡು ವರ್ಷಗಳ ಬಳಿಕ ಮೈಕ್ರೋಸಾಫ್ಟ್ ಆ ತಂತ್ರಜ್ಞಾನವನ್ನು ತಾನೇ ಪಡೆದುಕೊಂಡು, 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಒಬ್ಬನೇ ಕೂತು ಬಳಸಲೆಂದು ಹುಟ್ಟಿದ ವಿಂಡೋಸಿನೊಳಗೆ ಹತ್ತಾರು ಮಂದಿ ಏಕಕಾಲಕ್ಕೆ ಕುಳಿತದ್ದು ಹೀಗೆ.

ಕುಳಿತ ಕೂಡಲೇ ಸಿಟಿಎಸ್‌ಎಸ್‌ನ ಹಳೆಯ ಅನಾಹುತ ಹೊಸ ವೇಷದಲ್ಲಿ ಮರಳಿತು. ಆ ಕಾಲದ ವಿಂಡೋಸ್ ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗುಗಳನ್ನು ವಿಂಡೋಸಿನ ಮುಖ್ಯ ಫೋಲ್ಡರಿನಲ್ಲಿ ನಿಗದಿತ ಹೆಸರಿನ ಕಡತವೊಂದರಲ್ಲಿ ಬರೆದಿಡುತ್ತಿದ್ದವು. ಒಬ್ಬನು ಬದಲಿಸಿದ ಅಕ್ಷರದ ಗಾತ್ರ ಎಲ್ಲರ ಪರದೆಯಲ್ಲೂ ಬದಲಾಗುವುದು, ಒಬ್ಬನ ತಾತ್ಕಾಲಿಕ ಕಡತದ ಮೇಲೆ ಇನ್ನೊಬ್ಬನದು ಕೂರುವುದು ಸಾಮಾನ್ಯವಾಯಿತು. ಟರ್ಮಿನಲ್ ಸರ್ವರಿನಲ್ಲಿ ಇದಕ್ಕೆ ಮಾಡಿದ ಉಪಾಯವೆಂದರೆ ಪ್ರತಿ ಬಳಕೆದಾರನಿಗೂ ಮುಖ್ಯ ಫೋಲ್ಡರಿನದೊಂದು ಖಾಸಗಿ ನಕಲನ್ನು ತೋರಿಸುವುದು, ಮತ್ತು ಹೊಸ ಪ್ರೋಗ್ರಾಮು ಹಾಕುವ ಮುನ್ನ ಸರ್ವರನ್ನು ಒಂದು ಆದೇಶದಿಂದ ಅನುಸ್ಥಾಪನೆಯ ಸ್ಥಿತಿಗೆ ತಂದು, ಹಾಕಿದ ಮೇಲೆ ಮತ್ತೆ ಬಳಕೆಯ ಸ್ಥಿತಿಗೆ ಒಯ್ಯುವುದು. ಆ ಆದೇಶವನ್ನು ಮರೆತರೆ ಪ್ರೋಗ್ರಾಮು ಹಾಕಿದ ಅಡ್ಮಿನಿಸ್ಟ್ರೇಟರಿಗೆ ಸರಿಯಾಗಿ ನಡೆದು, ಉಳಿದವರಿಗೆ ತೆರೆಯುವುದೇ ಇಲ್ಲ. ತಾನು ನೋಡಿದಾಗ ಸರಿ ಇದೆ, ಬಳಕೆದಾರ ನೋಡಿದಾಗ ಇಲ್ಲ ಎಂಬ ಈ ಜಗಳ ಎಷ್ಟೋ ಕಚೇರಿಗಳಲ್ಲಿ ವಾರಗಟ್ಟಲೆ ಎಳೆದಾಡಿದೆ. ದೋಷವನ್ನು ಬಳಕೆದಾರನದೇ ಲಾಗಿನ್‌ನಿಂದ ನೋಡಬೇಕು, ಅಡ್ಮಿನಿಸ್ಟ್ರೇಟರನ ಲಾಗಿನ್‌ನಿಂದಲ್ಲ ಎಂಬ ರೂಢಿ ನೆಲೆಯೂರಿದ್ದು ಇಂಥ ಜಗಳಗಳಿಂದ.

ಟರ್ಮಿನಲ್ ಸರ್ವರುಗಳ ಮೊದಲ ದಶಕದ ದೊಡ್ಡ ತಲೆನೋವು ಮಾತ್ರ ಪ್ರಿಂಟರ್. ವೇಗ ಹೆಚ್ಚಿಸಲೆಂದು ವಿಂಡೋಸ್ ಎನ್‌ಟಿ 4.0ರಲ್ಲಿ ಚಿತ್ರ ಬಿಡಿಸುವ ಭಾಗವನ್ನೂ ಅದರೊಡನೆ ಪ್ರಿಂಟರ್ ಡ್ರೈವರುಗಳನ್ನೂ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮಿನ ಒಳಗರ್ಭಕ್ಕೆ, ಸೇರಿಸಲಾಗಿತ್ತು. ಕರ್ನಲ್‌ನಲ್ಲಿ ಆದ ತಪ್ಪಿಗೆ ಕ್ಷಮೆಯಿಲ್ಲ; ಇಡೀ ಯಂತ್ರ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಒಬ್ಬ ನೌಕರ ತನ್ನ ಮನೆಯ ಅಗ್ಗದ ಇಂಕ್‌ಜೆಟ್ ಪ್ರಿಂಟರಿನ ಸಮೇತ ಸರ್ವರಿಗೆ ಲಾಗಿನ್ ಆದಾಗ, ಅದರ ಡ್ರೈವರ್ ಸರ್ವರಿನೊಳಗೆ ಕೂತುಬಿಡುತ್ತಿತ್ತು. ಹಲವರು ಒಟ್ಟಿಗೆ ಬಳಸುವ ಸನ್ನಿವೇಶದಲ್ಲಿ ತಯಾರಕರು ಅದನ್ನು ಎಂದೂ ಪರೀಕ್ಷಿಸಿರುತ್ತಿರಲಿಲ್ಲ. ಆ ಒಬ್ಬನು ಒಂದು ಪುಟ ಮುದ್ರಿಸಲು ಹೋಗಿ ಐವತ್ತು ಮಂದಿಯ ಕೆಲಸ ಅಳಿಸಿಹೋದ ಮೇಲೆ, ಅಡ್ಮಿನಿಸ್ಟ್ರೇಟರು ಡಂಪ್ ಕಡತವನ್ನು, ಅಂದರೆ ಕುಸಿದ ಕ್ಷಣದ ಮೆಮೊರಿಯ ನಕಲನ್ನು, ಡೀಬಗರ್‌ನಲ್ಲಿ ತೆರೆದು ಅದರಲ್ಲಿ ಡ್ರೈವರಿನ ಹೆಸರು ಹುಡುಕಿ, ಅದನ್ನು ತೆಗೆದುಹಾಕಿ, ಆ ಪ್ರಿಂಟರಿನ ಹೆಸರು ಬಂದಾಗ ಸರ್ವರಿನಲ್ಲಿ ಮೊದಲೇ ಇರುವ ಯಾವುದಾದರೂ ಸಭ್ಯ ಡ್ರೈವರನ್ನು ಬಳಸುವಂತೆ ಹೆಸರುಗಳ ಹೊಂದಾಣಿಕೆ ಪಟ್ಟಿಯನ್ನು ತಿದ್ದಬೇಕಿತ್ತು. ವಿಂಡೋಸ್ 2000ದಲ್ಲಿ ಪ್ರಿಂಟರ್ ಡ್ರೈವರುಗಳನ್ನು ಕರ್ನಲ್‌ನಿಂದ ಹೊರಗೆ ತರಲಾಯಿತು. ಆಗ ನೀಲಿ ಪರದೆಯ ಬದಲು ಮುದ್ರಣದ ಸೇವೆ ಮಾತ್ರ ಬೀಳತೊಡಗಿತು; ಅದೂ ಒಂದು ಗೆಲುವೇ. 2008ರ ಸರ್ವರ್ ಆವೃತ್ತಿಯಲ್ಲಿ ಎಲ್ಲ ಪ್ರಿಂಟರಿಗೂ ಒಂದೇ ಸಾಮಾನ್ಯ ಡ್ರೈವರ್ ಬಳಸುವ ಪದ್ಧತಿ ಬಂದ ಮೇಲಷ್ಟೇ ಕಚೇರಿಗಳು ತಕ್ಕಮಟ್ಟಿಗೆ ಉಸಿರಾಡಿದವು.

ಸರ್ವರುಗಳು ದೊಡ್ಡದಾದಂತೆ ಎದುರಾದ ಇನ್ನೊಂದು ತೊಡಕು ಹೊಸಬರನ್ನು ಪೂರ್ತಿ ದಾರಿ ತಪ್ಪಿಸುವಂಥದು. ಮೆಮೊರಿ ಗಿಗಾಬೈಟುಗಟ್ಟಲೆ ಖಾಲಿ, ಪ್ರೊಸೆಸರ್ ಬಿಡುವಾಗಿದೆ, ಆದರೂ ಹೊಸದಾಗಿ ಯಾರಿಗೂ ಲಾಗಿನ್ ಆಗುವುದಿಲ್ಲ. 32 ಬಿಟ್ ವಿಂಡೋಸ್ ಒಟ್ಟು 4 ಗಿಗಾಬೈಟ್ ವಿಳಾಸಗಳನ್ನು ಮಾತ್ರ ಎಣಿಸಬಲ್ಲದು; ಅದರಲ್ಲಿ ಅರ್ಧ ಕರ್ನಲ್‌ಗೆ ಮೀಸಲು, ಆ ಅರ್ಧದೊಳಗೆ ಪೂಲ್ ಎಂದು ಕರೆಯುವ ಸಣ್ಣ ಸಣ್ಣ ಖಾನೆಗಳು. ಪ್ರತಿ ಬಳಕೆದಾರನ ಕಿಟಕಿ, ಕಡತ, ರಿಜಿಸ್ಟ್ರಿಯ ದಾಖಲೆಗಳಿಗೆ ಈ ಖಾನೆಗಳಲ್ಲಿಯೇ ಜಾಗ ಬೇಕು, ಮತ್ತು ಯಂತ್ರಕ್ಕೆ ಎಷ್ಟೇ ಮೆಮೊರಿ ತುಂಬಿದರೂ ಖಾನೆಯ ಗಾತ್ರ ಬೆಳೆಯುವುದಿಲ್ಲ. ಪೂಲ್ ಬರಿದಾಯಿತೆಂಬ 2019 ಅಥವಾ 2020 ಸಂಖ್ಯೆಯ ಎಚ್ಚರಿಕೆ ಈವೆಂಟ್ ಲಾಗಿನಲ್ಲಿ ಕಂಡರೆ ಮೆಮೊರಿ ಸೇರಿಸಿ ಪ್ರಯೋಜನವಿಲ್ಲ, ಪೂಲನ್ನು ನುಂಗುತ್ತಿರುವ ಡ್ರೈವರ್ ಯಾವುದೆಂದು ಹುಡುಕಬೇಕು ಎಂಬುದನ್ನು ಒಂದು ತಲೆಮಾರಿನ ಅಡ್ಮಿನಿಸ್ಟ್ರೇಟರುಗಳು ಕಷ್ಟಪಟ್ಟು ಕಲಿತರು. 2005ರಲ್ಲಿ 64 ಬಿಟ್ ವಿಂಡೋಸ್ ಸರ್ವರ್ ಬಂದ ನಂತರ ಈ ವಿದ್ಯೆ ಕ್ರಮೇಣ ಅನಗತ್ಯವಾಯಿತು.

ಇದೇ ಕಾಲದ ಲೈಸೆನ್ಸ್ ತೊಂದರೆಯನ್ನು ಇಲ್ಲಿ ಸೂಚಿಸಿ ಮುಂದುವರಿದರೆ ಸಾಕು. ಲೈಸೆನ್ಸ್ ಸರ್ವರನ್ನು ಜೋಡಿಸದಿದ್ದರೂ ವಿಂಡೋಸ್ 2003ರಿಂದ ಮೊದಲ 120 ದಿನ ಎಲ್ಲವೂ ನಡೆಯುತ್ತದೆ. ಅನುಸ್ಥಾಪಿಸಿದವರು ಬೇರೆ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾದ ಮೇಲೆ, ಯಾರೂ ಏನನ್ನೂ ಬದಲಿಸದೆಯೇ ಸರ್ವರ್ ಒಂದು ಬೆಳಿಗ್ಗೆ ಎಲ್ಲರನ್ನೂ ಹೊರಗಿಡುತ್ತದೆ.

ವಿಂಡೋಸನ್ನು ಹಲವರಿಗೆ ಹಂಚುವುದರಲ್ಲಿ ಇಷ್ಟು ತೊಡಕಿರುವುದಾದರೆ ಒಬ್ಬೊಬ್ಬರಿಗೂ ಒಂದೊಂದು ಇಡೀ ವಿಂಡೋಸನ್ನೇ ಕೊಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಕೇಂಬ್ರಿಜ್‌ನ ಸಿಪಿ-67 ಕೊಟ್ಟ ಉತ್ತರವೂ ಅದೇ ಆಗಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಸಾಮಾನ್ಯ ಇಂಟೆಲ್ ಯಂತ್ರಗಳ ಮೇಲೆ ಪ್ರತಿರೂಪ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ತಂತ್ರಾಂಶವನ್ನು ಬೆಳೆಸಿತ್ತು. 2006ರ ಹೊತ್ತಿಗೆ ಅದನ್ನೇ ಡೆಸ್ಕ್‌ಟಾಪಿಗೆ ಬಳಸುವ ಏರ್ಪಾಡು ವಿಡಿಐ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂತು, 2008ರಲ್ಲಿ ಸಿಟ್ರಿಕ್ಸ್ ತನ್ನ ಝೆನ್‌ಡೆಸ್ಕ್‌ಟಾಪನ್ನು ತಂದಿತು. ಪ್ರೋಗ್ರಾಮುಗಳ ಪರಸ್ಪರ ಜಗಳ ನಿಂತಿತು, ಒಬ್ಬರ ಡ್ರೈವರ್ ಇನ್ನೊಬ್ಬರನ್ನು ಕೆಡವುವುದೂ ತಪ್ಪಿತು. ದೋಷ ಅಲ್ಲಿಂದ ಎದ್ದು ಡಿಸ್ಕಿಗೆ ಹೋಗಿ ಕುಳಿತಿತು.

ಮೇಜಿನ ಮೇಲಿನ ಪ್ರತಿ ಕಂಪ್ಯೂಟರಿನಲ್ಲೂ ಅದರದೇ ಡಿಸ್ಕ್ ಇದ್ದಾಗ ಯಾರಿಗೂ ತೋರದ ಒಂದು ಲೆಕ್ಕ ಇಲ್ಲಿ ಮುನ್ನೆಲೆಗೆ ಬಂತು. ನಿಮಿಷಕ್ಕೆ 15,000 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 4 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ತಿರುಗಿ ಬರಲು ಸರಾಸರಿ ಅರ್ಧ ಸುತ್ತು, ಓದುವ ತಲೆ ಅಲ್ಲಿಗೆ ಸರಿಯಲು ಮೂರೂವರೆ ಮಿಲಿಸೆಕೆಂಡಿನಷ್ಟು ಎಂದಿಟ್ಟುಕೊಂಡರೆ, ಅಲ್ಲಲ್ಲಿ ಚದುರಿದ ದತ್ತಾಂಶವನ್ನು ಅದು ಸೆಕೆಂಡಿಗೆ ಸುಮಾರು 180 ಬಾರಿ ಓದಬಲ್ಲದು. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಕಚೇರಿ ಒಟ್ಟಿಗೆ ಲಾಗಿನ್ ಆದಾಗ ಪ್ರತಿ ಡೆಸ್ಕ್‌ಟಾಪೂ ಬೂಟ್ ಆಗಲು ಅಂಥ ನೂರಾರು ಓದುಗಳನ್ನು ಪ್ರತಿ ಸೆಕೆಂಡು ಕೇಳುತ್ತದೆ. ಡಿಸ್ಕುಗಳ ಮುಂದೆ ಸಾಲು ಬೆಳೆಯುತ್ತದೆ. ಒಂದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಬೂಟ್ ಸ್ಟಾರ್ಮ್ ಎಂದು ಹೆಸರಾದ ಈ ಬಿರುಗಾಳಿ ಮಧ್ಯಾಹ್ನದ ಹೊತ್ತಿಗೆ ತಾನೇ ಅಡಗುತ್ತಿದ್ದುದರಿಂದ, ಬೆಳಗಿನ ದೂರನ್ನು ಮಧ್ಯಾಹ್ನ ಪರಿಶೀಲಿಸಲು ಬಂದವರಿಗೆ ಏನೂ ಕಾಣುತ್ತಿರಲಿಲ್ಲ. ಡಿಸ್ಕಿನ ಮುಂದಿನ ಕಾಯುವಿಕೆಯನ್ನು ದಿನದುದ್ದಕ್ಕೂ ದಾಖಲಿಸಿ ನಕ್ಷೆ ಮಾಡಿದಾಗ ಮಾತ್ರ ಒಂಬತ್ತರ ಗುಡ್ಡ ಎದ್ದು ಕಾಣುತ್ತಿತ್ತು. ಕೆಲವು ಕಡೆ ಮಧ್ಯಾಹ್ನವೂ ಒಂದು ಗುಡ್ಡ ಸಿಕ್ಕಿತು. ಎಲ್ಲ ಡೆಸ್ಕ್‌ಟಾಪುಗಳ ಆ್ಯಂಟಿವೈರಸ್ ಒಂದೇ ಗಳಿಗೆಗೆ ತಪಾಸಣೆ ಆರಂಭಿಸುವಂತೆ ನಿಗದಿಯಾಗಿದ್ದುದೇ ಅದರ ಮೂಲ.

ಡೆಸ್ಕ್‌ಟಾಪುಗಳನ್ನು ಮುಂಜಾನೆಯೇ ಕಂತುಕಂತಾಗಿ ಎಬ್ಬಿಸಿಡುವುದು, ಎಲ್ಲಕ್ಕೂ ಒಂದೇ ಮೂಲ ಪ್ರತಿ ಇಟ್ಟುಕೊಂಡು ವ್ಯತ್ಯಾಸಗಳನ್ನು ಮಾತ್ರ ಬೇರೆ ಬರೆಯುವುದು, ಲಾಗಾಫ್ ಆದೊಡನೆ ಆ ವ್ಯತ್ಯಾಸಗಳನ್ನು ಎಸೆದುಬಿಡುವುದು ಮೊದಲ ಪರಿಹಾರಗಳಾದವು. ಸುತ್ತುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕುಗಳು ಅಗ್ಗವಾದಾಗ ಬಿರುಗಾಳಿ ಹೆಚ್ಚುಕಡಿಮೆ ನಿಂತಿತು. ಆದರೆ ಪ್ರತಿ ಸಂಜೆ ಹೊಸದಾಗುವ ಡೆಸ್ಕ್‌ಟಾಪಿನಲ್ಲಿ ಬಳಕೆದಾರನ ಪ್ರೊಫೈಲ್, ಅಂದರೆ ಅವನ ಸೆಟ್ಟಿಂಗುಗಳ, ಕಡತಗಳ, ಇ-ಮೇಲಿನ ಗಂಟು, ಉಳಿಯುವುದಿಲ್ಲ. ಅದನ್ನು ಪ್ರತಿ ಬೆಳಿಗ್ಗೆ ಕಡತ ಸರ್ವರಿನಿಂದ ನಕಲು ಮಾಡಿ ತರಬೇಕಾಗಿ ಬಂದು, ಗಂಟು ದಪ್ಪವಾದಂತೆ ಲಾಗಿನ್ ನಿಧಾನವಾಯಿತು. ನಕಲು ಮಾಡುವ ಬದಲು ಗಂಟನ್ನೇ ಒಂದು ವರ್ಚುವಲ್ ಡಿಸ್ಕಿನಲ್ಲಿಟ್ಟು ಲಾಗಿನ್ ಹೊತ್ತಿಗೆ ಜೋಡಿಸುವ ಉಪಾಯವನ್ನು ಎಫ್‌ಎಸ್‌ಲಾಜಿಕ್ಸ್ ಎಂಬ ಕಂಪನಿ ಜನಪ್ರಿಯಗೊಳಿಸಿತು, 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಈಗಿನ ದೂರುಗಳಲ್ಲಿ ಒಂದು ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಹಿಂದಿನ ದಿನ ಸಂಪರ್ಕ ಅರ್ಧಕ್ಕೆ ಕಡಿದಿದ್ದರೆ ವರ್ಚುವಲ್ ಡಿಸ್ಕಿಗೆ ಹಾಕಿದ ಬೀಗ ಹಾಗೆಯೇ ಉಳಿದು, ಮರುದಿನ ಇನ್ನೊಂದು ಸರ್ವರಿಗೆ ಹೋದ ಬಳಕೆದಾರನಿಗೆ ತನ್ನ ಕಡತಗಳಿಲ್ಲದ ಬರಿಯ ಡೆಸ್ಕ್‌ಟಾಪ್ ಎದುರಾಗುತ್ತದೆ, ಎಲ್ಲವೂ ಅಳಿಸಿಹೋಯಿತೆಂದು ಅವನು ಗಾಬರಿಯಾಗುತ್ತಾನೆ.

ಇಷ್ಟೆಲ್ಲ ಪದರಗಳ ನಡುವೆ ಕಾರಣ ಹುಡುಕಲು ಕಣ್ಣಾದ ಸಾಧನಗಳಲ್ಲಿ ಒಂದನ್ನು ಹೆಸರಿಸಲೇಬೇಕು. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಿಂದ ಉಚಿತವಾಗಿ ಹಂಚಿದ, 2006ರಲ್ಲಿ ಮೈಕ್ರೋಸಾಫ್ಟ್ ಸೇರಿದ ಸಿಸ್‌ಇಂಟರ್ನಲ್ಸ್ ಸಾಧನಗಳ ಪೈಕಿ ಪ್ರೋಸೆಸ್ ಮಾನಿಟರ್, ಯಾವ ಪ್ರೋಗ್ರಾಮು ಯಾವ ಕಡತವನ್ನು ಯಾವ ಕ್ಷಣದಲ್ಲಿ ತೆರೆಯಲು ಹೋಗಿ ಏನು ಉತ್ತರ ಪಡೆಯಿತೆಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ನಿಮಿಷಾರ್ಧದಲ್ಲಿ ಲಕ್ಷಾಂತರ ಸಾಲು ಸೇರುವ ಆ ದಾಖಲೆಯಲ್ಲಿ ಅನುಮತಿ ಸಿಗದ ಒಂದು ಸಾಲನ್ನು ಜರಡಿ ಹಿಡಿಯುವುದೇ ಅಡ್ಮಿನಿಸ್ಟ್ರೇಟರನ ಕೌಶಲ.

ಆ ಕೌಶಲದ ಒಂದು ದೊಡ್ಡ ನೆಲೆ ಬೆಂಗಳೂರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ವಿನ್ಯಾಸ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದೊಡನೆ ಕೆಲಸ ಮಾಡತೊಡಗಿದ ಮೇಲೆ, ಸಾವಿರಾರು ಮೈಲಿ ಆಚೆಯ ಯಂತ್ರವನ್ನು ಇಲ್ಲಿಂದಲೇ ನಡೆಸಬಹುದೆಂಬುದು ಖಚಿತವಾಯಿತು. ಅಮೆರಿಕ, ಯುರೋಪಿನ ಕಂಪನಿಗಳ ಸರ್ವರುಗಳ ಉಸ್ತುವಾರಿ ಇಲ್ಲಿಗೆ ಬಂದಂತೆ ರಾತ್ರಿ ಪಾಳಿ, ಎಲ್1, ಎಲ್2, ಎಲ್3 ಎಂಬ ಮೆಟ್ಟಿಲುಗಳು, ದೂರು ದಾಖಲಾಗುವ ಟಿಕೆಟ್, ಎಲ್ಲರೂ ಸೇರುವ ಬ್ರಿಡ್ಜ್ ಕಾಲ್, ಕೊನೆಗೆ ಬರೆಯಬೇಕಾದ ಆರ್‌ಸಿಎ ಎಂಬ ಮೂಲಕಾರಣ ವರದಿ ಈ ನಗರದ ಸಾವಿರಾರು ಮನೆಗಳ ದಿನಚರಿಯಾದವು. ಕೂಡ್ಲಿಗಿ, ಕಾರ್ಕಳ, ಅರಸೀಕೆರೆಗಳಿಂದ ಬಂದ ಯುವಕ ಯುವತಿಯರು ತಾವು ಎಂದೂ ನೋಡದ ಊರಿನ ಆಸ್ಪತ್ರೆಯ ಪರದೆಗಳನ್ನು ನಡುರಾತ್ರಿ ಎಬ್ಬಿಸಿ ನಿಲ್ಲಿಸಿದ್ದಾರೆ. ಈ ದುಡಿಮೆಯ ಚರಿತ್ರೆಗೆ ಕನ್ನಡದಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು. ದೂರವೂ ಇಲ್ಲಿ ಒಂದು ಕಾರಣವಾಗಿಯೇ ಎಣಿಕೆಗೆ ಬರುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಸುಮಾರು 15,000 ಕಿಲೋಮೀಟರ್ ಆಚೆಯ ಟೆಕ್ಸಾಸಿನ ಸರ್ವರಿಗೆ ಒಂದು ಕೀಲಿಯ ಸುದ್ದಿ ಹೋಗಿ ಬರಲು ನೇರ ದಾರಿಯಲ್ಲೂ 150 ಮಿಲಿಸೆಕೆಂಡು ಬೇಕು. ಮಿಲ್ಲರ್ ಕೇಳಿದ ಹತ್ತನೆಯ ಒಂದು ಸೆಕೆಂಡು ಇಲ್ಲಿ ಆರಂಭಕ್ಕೆ ಮುನ್ನವೇ ಮುಗಿದಿರುತ್ತದೆ, ಸರ್ವರನ್ನು ಎಷ್ಟು ತಿದ್ದಿದರೂ ಅದು ಮರಳುವುದಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ, ಮನೆಯಿಂದ ಕೆಲಸ ಮಾಡಲು ದೂರಸಂಪರ್ಕ ಇಲಾಖೆಯ ನಿಯಮಗಳಲ್ಲಿದ್ದ ತಡೆಗಳು ಕೆಲವೇ ದಿನಗಳ ಮೊದಲು ಸಡಿಲವಾಗಿದ್ದವು. ಕಚೇರಿಯ ಒಳಗಿನಿಂದ ಬರುತ್ತಿದ್ದ ದಟ್ಟಣೆ ಒಮ್ಮೆಗೇ ಹೊರಗಿನಿಂದ ಬರತೊಡಗಿ, ಹೊರಗಿನವರಿಗೆ ಬಾಗಿಲಾದ ಗೇಟ್‌ವೇ ಸರ್ವರ್ ಎಲ್ಲ ದೂರುಗಳ ಕೇಂದ್ರವಾಯಿತು. ಬಾಗಿಲು ಮುಖ್ಯವಾದಂತೆ ಕಳ್ಳರಿಗೂ ಅದೇ ಗುರಿಯಾಯಿತು. 2023ರ ಅಕ್ಟೋಬರಿನಲ್ಲಿ ಬಯಲಿಗೆ ಬಂದ, ಸಿಟ್ರಿಕ್ಸ್ ಬ್ಲೀಡ್ ಎಂದು ಹೆಸರಾದ ದೋಷದಲ್ಲಿ ಗೇಟ್‌ವೇಯ ಮೆಮೊರಿಯಿಂದ ಲಾಗಿನ್ ಆದವರ ಗುರುತಿನ ಟೋಕನ್‌ಗಳೇ ಸೋರುತ್ತಿದ್ದವು; ಪ್ಯಾಚ್ ಹಾಕಿದರಷ್ಟೇ ಸಾಲದೆ, ಆಗಲೇ ಕದ್ದುಹೋದ ಟೋಕನ್‌ಗಳು ನಿಷ್ಫಲವಾಗಲೆಂದು ನಡೆಯುತ್ತಿದ್ದ ಎಲ್ಲ ಸೆಷನ್‌ಗಳನ್ನೂ ಕಡಿದುಹಾಕಬೇಕಾಯಿತು. ಅದನ್ನು ಮಾಡದೆ ಬಿಟ್ಟವರು ಬಾಗಿಲಿಗೆ ಹೊಸ ಬೀಗ ಹಾಕಿ ಒಳಗಿದ್ದವನನ್ನು ಒಳಗೇ ಬಿಟ್ಟಂತಾಯಿತು.

ಅಮೆಜಾನ್ 2013ರಲ್ಲಿ, ಮೈಕ್ರೋಸಾಫ್ಟ್ 2019ರಲ್ಲಿ ಡೆಸ್ಕ್‌ಟಾಪನ್ನು ಕ್ಲೌಡ್ ಸೇವೆಯಾಗಿ ಕೊಡಲಾರಂಭಿಸಿದ ಮೇಲೆ ಕೆಳಗಿನ ಹೈಪರ್‌ವೈಸರ್, ಡಿಸ್ಕು, ಗೇಟ್‌ವೇಗಳು ಅಡ್ಮಿನಿಸ್ಟ್ರೇಟರನ ಕೈಯಿಂದ ಜಾರಿ ಸೇವೆ ಕೊಡುವವರ ಪಾಲಾದವು. ಅವನ ಕಣ್ಣಿಗೆ ಕಾಣುವುದು ವಿಂಡೋಸಿನಿಂದ ಮೇಲಿನದು ಮಾತ್ರ. ಇದರ ಕಷ್ಟ 2024ರ ಜುಲೈ 19ರಂದು ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ಹೊಸ ಕಡತವೊಂದು 21 ಮಾಹಿತಿಗಳನ್ನು ನಿರೀಕ್ಷಿಸುತ್ತಿದ್ದರೆ, ಕರ್ನಲ್‌ನಲ್ಲಿ ಕುಳಿತ ಪ್ರೋಗ್ರಾಮು 20ನ್ನು ಮಾತ್ರ ಒದಗಿಸುತ್ತಿತ್ತು. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಮೇಜಿನ ಮೇಲಿನ ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ಅಳಿಸಿದರೆ ಸಾಕಿತ್ತು. ಕ್ಲೌಡಿನ ಯಂತ್ರಗಳಿಗೆ ಕೀಲಿಮಣೆಯಿಲ್ಲ. ಪ್ರತಿಯೊಂದರ ಡಿಸ್ಕನ್ನು ಬಿಚ್ಚಿ, ಆರೋಗ್ಯವಾಗಿರುವ ಇನ್ನೊಂದು ವರ್ಚುವಲ್ ಯಂತ್ರಕ್ಕೆ ಜೋಡಿಸಿ, ಕಡತವನ್ನು ಅಳಿಸಿ, ಮತ್ತೆ ಮೊದಲಿನ ಯಂತ್ರಕ್ಕೆ ಜೋಡಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪಿ ಹಾಕಿದ್ದರೆ ಅದಕ್ಕೂ ಮೊದಲು 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕು. ಆ ಕೀಲಿಗಳನ್ನಿಟ್ಟ ಸರ್ವರೂ ಅದೇ ದೋಷಕ್ಕೆ ಸಿಕ್ಕಿದ್ದ ಕಡೆಗಳಲ್ಲಿ ದುರಸ್ತಿಗೆ ಕುಳಿತವರು ಉಳಿದೆಲ್ಲವನ್ನೂ ಬದಿಗಿಟ್ಟು ಆ ಒಂದು ಸರ್ವರಿನಿಂದ ಕೆಲಸ ಆರಂಭಿಸಬೇಕಿತ್ತು.